ಬೋರಲು ಮಲಗಿದ ಒರಳುಕಲ್ಲು

ಕೊರಟಗೆರೆಯಲ್ಲಿರುವ ನನ್ನ ತಂಗಿ ಕಳೆದ ಬೇಸಿಗೆಯಲ್ಲಿ ಅಡುಗೆಮನೆಗೆ ಟೈಲ್ಸ್ ಹಾಕಿಸಿದಳು. ಅದಕ್ಕಾಗಿ ನೆಲದಲ್ಲಿ ಹೂಳಿದ್ದ ಒರಳುಕಲ್ಲನ್ನು ಹಾರೆ ಹಾಕಿ ಎಬ್ಬಿಸಬೇಕಾಯಿತು. ಅವಳ ಮದುವೆಗೆಂದು ನಮ್ಮಪ್ಪ ಕೈಯಾರೆ ಕೆತ್ತಿಕೊಟ್ಟ ಕಲ್ಲು ಅದು. ಹಿತ್ತಲಿಗೆ ಉರುಳಿಸಿ ಮಣ್ಣು ತೊಳೆದಾಗ, ಇಷ್ಟು ವರ್ಷ ನೆಲದೊಳಗೆ ಅಡಗಿದ್ದ ಅಡಿಭಾಗದಲ್ಲಿ ಒಂದು ಗುರುತು ಕಾಣಿಸಿತು. ಉಳಿಯ ಮೊನೆಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಒಂದು ರಾಗಿ ತೆನೆ. ಒಳಕ್ಕೆ ಬಾಗಿದ ಬೆರಳುಗಳಂಥ ಎಸಳುಗಳು, ಕೆಳಗೆ ಗಿಡ್ಡನೆಯ ದಂಟು. ತನ್ನ ಕಲ್ಲಿನ ಅಡಿಯಲ್ಲಿ ಅಪ್ಪ ಏನೋ ಗುರುತು ಹಾಕಿದ್ದರೆಂಬುದು ತಂಗಿಗೆ ನೆನಪಿತ್ತು. ಅದು ತೆನೆಯೆಂಬುದು ಮರೆತುಹೋಗಿತ್ತು.

ಅಂದು ಅಕ್ಕನೂ ಅಲ್ಲಿದ್ದಳು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗಿ ಅರ್ಧ ಶತಮಾನವಾಗುತ್ತ ಬಂದಿರುವ ಅವಳು ತಂಗಿಯ ಮನೆಯಲ್ಲಿ ನಾಲ್ಕು ದಿನ ಇರಲೆಂದು ಬಂದಿದ್ದಳು. ತೆನೆಯನ್ನು ನೋಡಿದಳು, ಬೆರಳಿನಿಂದ ಸವರಿದಳು, "ಚೆಂದಾಗದೆ ಬುಡು" ಎಂದಳು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟುಬಿಟ್ಟಳು.

ಅವಳು ಹಾಗೆ ಹೊರಟದ್ದೇಕೆಂದು ನನಗೂ ತಂಗಿಗೂ ತಿಳಿದಿತ್ತು. ಅಪ್ಪ ಅಕ್ಕನಿಗೆ ಒರಳುಕಲ್ಲು ಕೊಟ್ಟಿರಲಿಲ್ಲ.

ನಮ್ಮದು ಕಲ್ಲಿನ ಕೆಲಸದ ಮನೆತನ. ಬಡವನಹಳ್ಳಿಗೂ ದೊಡ್ಡೇರಿಗೂ ನಡುವೆ, ದೊಡ್ಡ ರಸ್ತೆಯಿಂದ ಒಳಗೆ ಸರಿದ ಒಂದು ಬಂಡೆಯ ಬಯಲಿನಲ್ಲಿ ಅಪ್ಪ, ಅವರ ಅಣ್ಣತಮ್ಮಂದಿರು ಚಪ್ಪಡಿ ಎಬ್ಬಿಸುತ್ತಿದ್ದರು. ಬಂಡೆಯ ಮೈಮೇಲೆ ಸಾಲಾಗಿ ಸೌದೆ ಉರಿಸಿ, ಕಾದ ಪದರ ತಾನಾಗಿ ಮೇಲೇಳುವಂತೆ ಮಾಡುವ ಕೆಲಸ ಅದು. ಅಂಥ ಮನೆಯ ಹೆಣ್ಣುಮಗಳು ಗಂಡನ ಮನೆಗೆ ಹೋಗುವಾಗ ತಂದೆ ಕೆತ್ತಿದ ಒರಳುಕಲ್ಲು ಅವಳ ಜೊತೆ ಗಾಡಿ ಏರುತ್ತಿತ್ತು. ಆ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಮಗಳನ್ನು ನೆಲದ ಮೇಲೆ ಕೂರಿಸಿ, ಮಡಿಸಿದ ಮಂಡಿಯ ಎತ್ತರವನ್ನು ದಾರದಲ್ಲಿ ಅಳೆಯಬೇಕು. ಕಲ್ಲು ಆ ಎತ್ತರಕ್ಕೆ ಸರಿಹೊಂದಬೇಕು, ಇಲ್ಲವಾದರೆ ರುಬ್ಬುವವಳ ಬೆನ್ನು ಹಿಡಿಯುತ್ತದೆ. ಆಮೇಲೆ ಕಲ್ಲನ್ನು ಆರಿಸಿ, ಎಲ್ಲಕ್ಕಿಂತ ಮೊದಲು ಅದರ ಅಡಿಯಲ್ಲಿ, ಮಗಳ ಕಲ್ಲಿಗೆಂದೇ ಮೀಸಲಾದ ತನ್ನ ಗುರುತನ್ನು ತಂದೆ ಕೊರೆಯಬೇಕು. ಬಾಯಿ ತೆಗೆಯುವುದು, ಅಂದರೆ ಕುಳಿ ತೋಡುವುದು, ಕೊನೆಯ ಕೆಲಸ. ಒಬ್ಬ ಮಗಳಿಗೆ ಒಂದೇ ಕಲ್ಲು. ಎರಡನೆಯದನ್ನು ಕೆತ್ತಿದರೆ ಅವಳಿಗೆ ಎರಡನೆಯ ಮದುವೆ ಬಯಸಿದಂತೆ ಎಂಬ ನಂಬಿಕೆ ಬಲವಾಗಿತ್ತು.

ಅಕ್ಕನನ್ನು ಅಪ್ಪ ನೆಲದ ಮೇಲೆ ಕೂರಿಸಿದ್ದರು, ದಾರ ಹಿಡಿದು ಅಳೆದಿದ್ದರು. ಇದಕ್ಕೆ ನಾನೂ ಸಾಕ್ಷಿ. ಆದರೆ ಮದುವೆಯ ದಿನ ಗಾಡಿಯಲ್ಲಿ ಕಲ್ಲು ಇರಲಿಲ್ಲ. ಅಕ್ಕ ಕೇಳಿದಾಗ ಅವ್ವ ಹೇಳಿದ ಉತ್ತರ ಎಂದೂ ಬದಲಾಗಲಿಲ್ಲ: ಮದುವೆಗೆ ಮುಂಚೆಯೇ ಕ್ವಾರಿ ನಿಂತುಹೋಯಿತು, ನಿಮ್ಮಪ್ಪ ಕಲ್ಲನ್ನೆಲ್ಲಿಂದ ತರುವುದು? ಅಳತೆಯಾದ ಮೇಲೆ ಮದುವೆಯವರೆಗೆ ಅಜ್ಜಿಯ ಊರಿನಲ್ಲಿದ್ದ ಅಕ್ಕನಿಗೆ ಬೇರೆ ಗೊತ್ತಾಗುವಂತಿರಲಿಲ್ಲ. ಅಪ್ಪನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಕೇಳುವ ದಾರಿಯೂ ಮುಚ್ಚಿತು, ಅವ್ವನೂ ಈಗಿಲ್ಲ.

ದೀಪಾವಳಿ ಮುಗಿದ ವಾರ ಅಕ್ಕ ಫೋನ್ ಮಾಡಿದಳು.

"ಏಮ್ರಾ ತಮ್ಮುಡು, ಪುರಸೊತ್ತಾಗಿದೀಯಾ?" ಕೀಟಲೆ ಮಾಡಬೇಕೆನಿಸಿದಾಗ ಅವಳು ಗಂಡನ ಊರಿನ ತೆಲುಗಿಗೆ ಇಳಿಯುತ್ತಾಳೆ. "ಕಂಡೋರ ಮನೆ ಕಲ್ಲೆಲ್ಲ ಓದಿ ಓದಿ ರಿಟೈರ್ ಆದೆ. ನಮ್ಮಪ್ಪನ ಕಲ್ಲೊಂದು ಹುಡುಕ್ಕೊಡು ನೋಡನ."

"ಯಾವ ಕಲ್ಲು ಅಕ್ಕ?"

"ನಂದು. ಅಳತೆ ತಗಂಡ ಮ್ಯಾಲೆ ಕೆತ್ತಕೆ ಸುರು ಮಾಡಿರ್ಬೇಕಲ್ಲ. ಅರ್ಧ ಆಗಿದ್ರೆ ಅರ್ಧ. ಅಡೀಲಿ ತೆನೆ ಇದ್ರೆ ಅದು ನಂದು. ಇಲ್ದಿದ್ರೆ ಇಲ್ಲ ಅಂತ ತಿಳ್ಕಂಡು ಸುಮ್ಕಾಯ್ತೀನಿ. ಇಷ್ಟು ವರ್ಸ ಎರಡೂ ಇಲ್ದಂಗೆ ಆಗದೆ."

ನನ್ನ ವೃತ್ತಿ ಕಾಲನಿರ್ಣಯದ್ದು. ಸಿರಾ, ಮಧುಗಿರಿ ಸುತ್ತಿನ ವೀರಗಲ್ಲುಗಳನ್ನೂ ಶಾಸನಗಳನ್ನೂ ಓದುವುದು, ಅವುಗಳಲ್ಲಿ ಹೇಳಿದ ತಿಥಿ, ವಾರ, ಗ್ರಹಣಗಳನ್ನು ಪಂಚಾಂಗದ ಗಣಿತದೊಂದಿಗೆ ತಾಳೆ ನೋಡುವುದು, ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷ್ಯಗಳು ಒಂದೇ ಮಾತು ಹೇಳುವವರೆಗೆ ಯಾವ ಕಾಲವನ್ನೂ ಒಪ್ಪದಿರುವುದು, ಇಷ್ಟರಲ್ಲೇ ನನ್ನ ಸೇವಾವಧಿ ಕಳೆಯಿತು. ಆದರೆ ನನ್ನ ಮನೆಯ ಘಟನೆಗಳಿಗೆ ಈ ವಿಧಾನವನ್ನು ಎಂದೂ ಅನ್ವಯಿಸಿರಲಿಲ್ಲ. ಅಕ್ಕನ ಫೋನಿನ ನಂತರ ಆ ಕೆಲಸಕ್ಕೆ ಕುಳಿತೆ. ಪ್ರಶ್ನೆ ಸ್ಪಷ್ಟವಾಗಿತ್ತು: ಅಕ್ಕನ ಮದುವೆ ಮೊದಲೋ, ಕ್ವಾರಿ ನಿಂತದ್ದು ಮೊದಲೋ?

ಮದುವೆಯ ವರ್ಷದಲ್ಲಿ ಸಂದೇಹವಿರಲಿಲ್ಲ. ತುರ್ತು ಪರಿಸ್ಥಿತಿ ಘೋಷಣೆಯಾದ ಮುಂದಿನ ವರ್ಷದ ಬೇಸಿಗೆ ಅದು. ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಹಿಡಿದೊಯ್ಯುತ್ತಾರೆಂಬ ಭಯದಿಂದ ಗಂಡಿನ ಕಡೆಯ ಕೆಲವರು ಬಸ್ಸು ಹತ್ತದೆ ಗಾಡಿಯಲ್ಲೇ ಬಂದಿದ್ದರು. ಅದನ್ನು ನೆನೆದು ನಮ್ಮ ಭಾವ ಈಗಲೂ ನಗುತ್ತಾರೆ. ಕ್ವಾರಿಯ ಕಡೆಯ ಸಾಕ್ಷ್ಯ ನನ್ನಲ್ಲೇ ಇತ್ತು. ತುರ್ತು ಪರಿಸ್ಥಿತಿಯ ಕೊನೆಗೆ, ೧೯೭೭ರ ಮಾರ್ಚ್‌ನಲ್ಲಿ, ಲೋಕಸಭೆಗೆ ಚುನಾವಣೆ ನಡೆಯಿತು. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆ. ಮತದಾನದ ಮಾರನೆಯ ದಿನ ಅಪ್ಪನಿಗೆ ಮಧ್ಯಾಹ್ನದ ಬುತ್ತಿ ಹೊತ್ತುಕೊಂಡು ಕ್ವಾರಿಗೆ ಹೋಗಿದ್ದೆ. ಅಪ್ಪ ಬೆರಳು ಎತ್ತಿ ತೋರಿಸಿ, "ಓಟಿನ ಮಸಿ ಕಣ್ಲಾ, ಎಷ್ಟ್ ತಿಕ್ಕಿದ್ರೂ ಹೋಗಕಿಲ್ಲ" ಎಂದರು. ಶಾಯಿಯ ಮೇಲೆ ಬಿಳಿಯ ಕಲ್ಲುಪುಡಿ ಕೂತಿತ್ತು. ಹಾಗಾದರೆ ಅಕ್ಕನ ಮದುವೆಯ ಮರುವರ್ಷವೂ ಕ್ವಾರಿಯಲ್ಲಿ ಕೆಲಸ ನಡೆಯುತ್ತಿತ್ತು. ಅವ್ವನ ಉತ್ತರ ನಿಲ್ಲುವುದಿಲ್ಲ.

ಈ ತೀರ್ಮಾನವನ್ನು ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ. ಬಡವನಹಳ್ಳಿಗೆ ಬಾ, ಅಲ್ಲಿಂದ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ.

ಬಸ್ಸಿಳಿದ ಅಕ್ಕನ ಕೈಯಲ್ಲಿ ಬುತ್ತಿಯ ಚೀಲ, ದೊಡ್ಡ ನೀರಿನ ಬಾಟಲು. "ಕಡ್ಲೇಕಾಯಿ ಕಿತ್ತಾಯ್ತು, ಇನ್ನ ನಂಗೇನ್ ಕೆಲ್ಸ" ಎನ್ನುತ್ತ ಸ್ಕೂಟರಿನ ಹಿಂದೆ ಒಂದೇ ಪಕ್ಕಕ್ಕೆ ಕುಳಿತಳು. ದಾರಿಯುದ್ದಕ್ಕೂ ನನ್ನ ಚಾಲನೆಯ ಬಗ್ಗೆ ಮಾತು. "ಎತ್ತಿನ ಗಾಡಿ ಹೊಡ್ದಂಗೆ ಹೊಡೀತೀಯಲ್ಲೋ. ಅಗಾ, ಸೈಕಲ್ನೋನು ಮುಂದೋದ." ದೂರದಲ್ಲಿ ಮಧುಗಿರಿಯ ಏಕಶಿಲೆ ನಮ್ಮ ಜೊತೆಗೇ ಬರುತ್ತಿತ್ತು. ಮಣ್ಣುದಾರಿ ಮುಗಿದಲ್ಲಿ ಸ್ಕೂಟರ್ ನಿಲ್ಲಿಸಿ ನಡೆದೆವು. ತಂಗಡಿ ಗಿಡಗಳು ಹಳದಿ ಹೂ ಬಿಟ್ಟಿದ್ದವು. ಹಿಂದೆ ಗಾಡಿಗಳು ಸವೆಸಿದ ಜಾಡಿನ ಮೇಲೆ ಜಾಲಿ ಬೆಳೆದು, ದಾರಿಯನ್ನು ಕಾಲಿನ ಅಭ್ಯಾಸದಿಂದಲೇ ಹುಡುಕಬೇಕಾಯಿತು.

ಕ್ವಾರಿ ನಾನು ನೆನಪಿಟ್ಟುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ನಡುವೆ ಆಳದ ಗುಂಡಿ, ಅದರಲ್ಲಿ ಹಸಿರು ಛಾಯೆಯ ನಿಂತ ನೀರು. ಸುತ್ತ ಮೆಟ್ಟಿಲುಮೆಟ್ಟಿಲಾಗಿ ಕಡಿದ ಬಂಡೆ, ಅದರ ಅಂಚಿನಲ್ಲಿ ಸಾಲು ಹಲ್ಲುಗಳಂತೆ ಬೆಣೆ ಹೊಡೆದ ಕುಳಿಗಳು. ಬೆಂಕಿ ಹಾಕಿದ ಕಡೆ ಬಂಡೆ ಇಂದಿಗೂ ಕೆಂಪಗಿತ್ತು. ಮತ್ತೊಂದು ಮಗ್ಗುಲಲ್ಲಿ ಕಲ್ಲುಚಕ್ಕೆಗಳ ದಿಬ್ಬ. ಒರಳು, ಬೀಸುಕಲ್ಲು, ಹೊಸ್ತಿಲುಗಳ ಸಣ್ಣ ಕೆಲಸ ನಡೆಯುತ್ತಿದ್ದ ಜಾಗ ಅದು.

ದಿಬ್ಬದ ಬುಡದಲ್ಲಿ ಒಂದೆರಡು ಕಲ್ಲುಗಳು ಬೋರಲಾಗಿ ಬಿದ್ದಿದ್ದವು. ಅವುಗಳ ಹತ್ತಿರ ಬಂದಾಗ ನಾನೂ ಅಕ್ಕನೂ ಒಟ್ಟಿಗೇ ಮುಖ ಆಚೆ ತಿರುಗಿಸಿ ನಡೆದೆವು. ನಾಲ್ಕು ಹೆಜ್ಜೆ ದಾಟಿದ ಮೇಲೆ ಅಕ್ಕ ನಿಂತು ನಕ್ಕಳು.

"ನೋಡ್ಲಾ, ಎಪ್ಪತ್ತರ ಹತ್ರ ಬಂತು, ಇನ್ನೂ ಮಕ ತಿರುಗಿಸ್ತೀವಿ."

ಬಾಯಿ ತೆಗೆಯುವಾಗ ಬಿರುಕು ಬಿಟ್ಟ ಒರಳನ್ನು ನಮ್ಮವರು ಇದ್ದಲ್ಲೇ ಬೋರಲು ಹಾಕುತ್ತಿದ್ದರು. 'ಕಲ್ಲು ಮಲಗಿತು' ಎಂಬುದಷ್ಟೇ ಅದರ ಬಗ್ಗೆ ಆಡಬಹುದಾದ ಮಾತು; ಅದನ್ನೂ ಗಂಡಸರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ಒಡೆದ ಬಾಯಿ ಆಕಾಶ ನೋಡಬಾರದು. ಮಲಗಿದ ಕಲ್ಲನ್ನು ಮಕ್ಕಳು ನೋಡಬಾರದು, ಮುಟ್ಟಬಾರದು, ತಿರುಗಿಸಬಾರದು. ಬುತ್ತಿ ಹೊತ್ತು ಬರುವ ನಮಗೆ ಈ ಪಾಠ ಎಷ್ಟು ಮೈಗೂಡಿತ್ತೆಂದರೆ, ಇಂಥ ಕಲ್ಲು ಎದುರಾದರೆ ಕಣ್ಣು ತಾನಾಗಿ ಬೇರೆ ಕಡೆ ಹೊರಳುತ್ತಿತ್ತು. ಅಂದೂ ಹಾಗೆಯೇ ಆಯಿತು. ನಾವು ಹುಡುಕಲು ಆರಂಭಿಸಿದ್ದು ಬಾಯಿ ಮೇಲಾಗಿ ನಿಂತ ಕಲ್ಲುಗಳನ್ನು.

ಅರ್ಧ ಕೆಲಸವಾದ ಕಲ್ಲುಗಳು ಹಲವು ಸಿಕ್ಕವು. ಒಂದೊಂದನ್ನೂ ಪಕ್ಕಕ್ಕೆ ವಾಲಿಸಿ, ವಾಲದಿದ್ದರೆ ಬುಡದ ಮಣ್ಣು ಕೆದಕಿ ಅಡಿಯನ್ನು ಸವರಿ ನೋಡಿದೆವು. ಒಂದರಲ್ಲಿ ಗೆರೆಗಳು ಕಂಡು ಅಕ್ಕ ಸೆರಗಿನಿಂದ ಒರೆಸಿ ನೋಡಿದಳು. ಅವು ಮಳೆನೀರು ಹರಿದ ಕಲೆಗಳು.

ಅಷ್ಟರಲ್ಲಿ ದಿಬ್ಬದ ಮೇಲಿಂದ ಒಂದು ದನಿ ಬಂತು. "ಯಾರ್ ನೀವು? ಅಳತೆ ಮಾಡಕೆ ಬಂದ್ರಾ? ಮತ್ತೆ ಕ್ವಾರಿ ಸುರು ಮಾಡ್ತೀರಾ?" ಮೇಕೆ ಮೇಯಿಸುವ ಹೆಂಗಸು. ವಯಸ್ಸು ಐವತ್ತರ ಆಸುಪಾಸು, ತಲೆಯ ಮೇಲೆ ಟವೆಲ್ಲು, ಕೈಯಲ್ಲಿ ಉದ್ದನೆಯ ಕೋಲು.

"ಇಲ್ಲ ಕಣಮ್ಮ," ಎಂದಳು ಅಕ್ಕ. "ನಮ್ಮಪ್ಪ ಇಲ್ಲೇ ಕೆಲ್ಸ ಮಾಡ್ತಿದ್ದ. ಅದ್ಕೇ ನೋಡಕೆ ಬಂದ್ವಿ."

"ಅಂಗಾರೆ ಸರಿ. ಮಿಸನ್ನು ಗಿಸನ್ನು ಬಂದ್ರೆ ನಮ್ ಮೇಕೆಗೆ ನೀರಿಲ್ದಂಗಾಯ್ತದೆ." ಹೆಂಗಸು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಇವ್ರು ಆಪೀಸರ್ ಇದ್ದಂಗ್ ಕಾಣ್ತಾರಪ್ಪ."

"ಆಗಿದ್ದ. ಈಗ ನನ್ ಡ್ರೈವರು."

ಆಕೆಗೆ ನಗು ತಡೆಯಲಾಗಲಿಲ್ಲ. "ಬಿಸ್ಲಾಗ್ ನಿಂತೀರಲ್ಲ. ಅಗಾ, ಆ ಹೊಂಗೆ ಮರದ್ ಕೆಳಗೆ ಗುಂಡ್ಕಲ್ಲದೆ, ಕೂತ್ಕಳಿ. ನಾವೆಲ್ಲ ಅದ್ರ ಮ್ಯಾಲೇ ಕೂರದು" ಎಂದು ತೋರಿಸಿ, ಮೇಕೆಗಳ ಹಿಂದೆ ಹೋದಳು.

ಹೊಂಗೆಯ ನೆರಳಿಗೆ ಹೋದೆವು. ಗುಂಡುಕಲ್ಲು ಒಂದಿಷ್ಟು ನೆಲದಲ್ಲಿ ಹೂತು, ಕೂತವರ ಬಟ್ಟೆ ಉಜ್ಜಿ ಉಜ್ಜಿ ಅಲ್ಲಲ್ಲಿ ಹೊಳಪೇರಿತ್ತು. ಅಕ್ಕ ಅದರ ಮೇಲೆ ಕುಳಿತಳು. ನಾನು ಎದುರಿಗೆ ಒಂದು ಚಪ್ಪಡಿಯ ಮೇಲೆ. ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಬಿಚ್ಚಿದಳು. ಊಟದ ನಡುವೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಚುನಾವಣೆಯ ಮಾರನೆಯ ದಿನ, ಅಪ್ಪನ ಬೆರಳಿನ ಶಾಯಿ, ಅವಳ ಮದುವೆಯ ವರ್ಷ, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ.

"ಅವ್ವ ಹೇಳಿದ ಮಾತು ಸರಿಯಿಲ್ಲ ಅಕ್ಕ. ನಿನ್ನ ಮದುವೆ ಹೊತ್ತಿಗೆ ಕ್ವಾರಿ ನಡೀತಿತ್ತು."

ಅಕ್ಕನ ಕೈಯಲ್ಲಿದ್ದ ರೊಟ್ಟಿಯ ತುಂಡು ಬಾಯಿಗೆ ಹೋಗಲಿಲ್ಲ.

"ಅಂಗಾರೆ ಕಲ್ಲಿತ್ತು," ಎಂದಳು.

"ಇತ್ತು."

"ಕೈಯೂ ಇತ್ತು. ಅಪ್ಪಂಗೆ ಆಗ ಏನ್ ಕಾಯ್ಲೆ? ಗಟ್ಟಿಮುಟ್ಟಾಗಿದ್ದ." ರೊಟ್ಟಿಯನ್ನು ಎಲೆಯ ಮೇಲಿಟ್ಟಳು. "ಮತ್ತೆ ಯಾಕ್ಲಾ ಮಾಡ್ಲಿಲ್ಲ? ಅಳ್ದು ಸುಮ್ಕಾಗದಾದ್ರೆ ಅಳೀಬಾರ್ದಾಗಿತ್ತು. ನಮ್ಮತ್ತೆ ಮನೇಲಿ ಎಷ್ಟ್ ದಿನ ಅಂದ್ರು ಗೊತ್ತಾ, 'ಕಲ್ಲೊಡೆಯೋರ ಮಗ್ಳು, ಒಂದ್ ಕಲ್ಲಿಗೆ ಗತಿಯಿಲ್ಲ' ಅಂತ. ಅವ್ರ ಹಳೇ ಒಳ್ಳಲ್ಲೇ ರುಬ್ದೆ. ಅದು ಎತ್ರ ಜಾಸ್ತಿ, ಭುಜ ಬಿದ್ದೋಗದು. ಕ್ವಾರಿ ನಿಂತೋಗಿತ್ತು ಅಂತ ನಂಗೆ ನಾನೇ ಹೇಳ್ಕಂಡು ರುಬ್ತಿದ್ದೆ."

ಊಟ ಅಷ್ಟಕ್ಕೇ ಮುಗಿಯಿತು. ಅಕ್ಕ ಎದ್ದು ನಿಂತು ಕೈ ಚಾಚಿದಳು. ನಾನು ಬಾಟಲಿನಿಂದ ನೀರು ಸುರಿದೆ. ನೀರು ಅವಳ ಕೈಯಿಂದ ಇಳಿದು ಗುಂಡುಕಲ್ಲಿನ ಮೇಲೆ ಹರಡಿತು.

ಸವೆದ ಶಾಸನವನ್ನು ಓದುವವರೆಲ್ಲ ಮೊದಲು ಮಾಡುವ ಕೆಲಸ ಕಲ್ಲಿಗೆ ನೀರು ಹಾಕುವುದು. ಒಣಗಿದಾಗ ಕಾಣದ ಗೆರೆ ತೇವವಾದಾಗ ಕಾಣುತ್ತದೆ, ಮೇಲ್ಮೈ ಬೇಗ ಆರಿದರೂ ಉಳಿ ಕೊರೆದ ಕುಳಿಗಳಲ್ಲಿ ನೀರು ನಿಲ್ಲುತ್ತದೆ. ಗುಂಡುಕಲ್ಲಿನ ಮೇಲೆ, ಅಕ್ಕ ಕುಳಿತಿದ್ದ ಜಾಗದಲ್ಲೇ, ಕಪ್ಪು ಚುಕ್ಕಿಗಳು ಒಂದರ ಪಕ್ಕ ಒಂದು ಎದ್ದುಬಂದವು. ಗಿಡ್ಡ ದಂಟು. ಅದರ ತುದಿಯಲ್ಲಿ ಒಳಕ್ಕೆ ಬಾಗಿದ ಎಸಳುಗಳು.

ನಾನು ಉಳಿದ ನೀರನ್ನೂ ಸುರಿದು ಅಂಗೈಯಿಂದ ಉಜ್ಜಿದೆ. ಸಂದೇಹಕ್ಕೆ ಎಡೆಯೇ ಇರಲಿಲ್ಲ. ತಂಗಿಯ ಕಲ್ಲಿನ ಅಡಿಯಲ್ಲಿ ನೋಡಿದ ಅದೇ ತೆನೆ, ಅದೇ ಕೈ.

"ಅಕ್ಕ, ಇದು ಗುಂಡುಕಲ್ಲಲ್ಲ. ನಾವು ನೋಡ್ತಿರೋದು ಇದರ ಅಡಿ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಡಿ ಮೇಲಾಗಿದ್ದರೆ ಬಾಯಿ ಕೆಳಗೆ. ಬಾಯಿ ಕೆಳಗಾಗಿದ್ದರೆ ಕಲ್ಲು ಮಲಗಿದೆ. ಅವಳ ಮುಖ ಅಭ್ಯಾಸಬಲದಿಂದ ಆಚೆ ತಿರುಗಲು ಹೋಯಿತು, ಅವಳು ತಿರುಗಗೊಡಲಿಲ್ಲ.

ಕಲ್ಲಿನ ಇಳಿಜಾರಿನ ಕಡೆಯ ಬುಡದಲ್ಲಿ ಮಳೆನೀರು ಚಕ್ಕೆಗಳನ್ನು ಕೊಚ್ಚಿ, ಒಂದು ಕೈ ಹೋಗುವಷ್ಟು ಸಂದು ಮಾಡಿತ್ತು. ಅಕ್ಕ ಸೆರಗು ಸಿಕ್ಕಿಸಿ ಮಂಡಿಯೂರಿದಳು.

"ತಾಳು, ಹಾವಿದ್ದೀತು" ಎಂದು ನಾನು ಹೊಂಗೆಯ ಒಣ ಕೊಂಬೆಯೊಂದನ್ನು ಒಳಗೆ ಆಡಿಸಿದೆ. ಒಣಗಿದ ಎಲೆ, ಒಂದು ಓತಿಕ್ಯಾತ, ಮತ್ತೇನಿಲ್ಲ.

"ತಿರುಗಿಸಿ ನೋಡೋಣವಾ? ಯಾರನ್ನಾದರೂ ಕರೆದುಕೊಂಡು ಬಂದು ಹಾರೆ ಹಾಕಿಸಿದರೆ..."

"ಬಾಯ್ ಮುಚ್ಕಂಡಿರು. ಅಪ್ಪ ಮಲಗ್ಸಿದ್ದನ್ನ ನೀನ್ ಎಬ್ಬಿಸ್ತೀಯಾ?"

ಅವಳು ಬಹುತೇಕ ಮಲಗಿ ಸಂದಿನೊಳಗೆ ತೋಳು ಇಳಿಸಿದಳು. ನಾನು ನಿಂತು ನೋಡುತ್ತಿದ್ದೆ. ಕಣ್ಣು ಮುಚ್ಚಿ, ಕೆನ್ನೆಯನ್ನು ಕಲ್ಲಿಗೆ ಒತ್ತಿ, ಪಾತ್ರೆಯ ತಳ ಬಳಿಯುವವಳಂತೆ ಒಳಗೆ ಕೈಯಾಡಿಸಿದಳು.

"ಕುಳಿ ಅದೆ," ಎಂದಳು. "ನುಣ್ಗೆ ಮಾಡವ್ನೆ ಕಣ್ಲಾ. ಬಾಯಿ ಸುತ್ತ ದುಂಡ್ಗೆ ಅದೆ... ಎಲ್ಲಾ ಮುಗ್ದದೆ ಇದು. ಒಂಚೂರೇ ಬಾಕಿ." ಕೈ ಇನ್ನಷ್ಟು ಒಳಗೆ ಹೋಯಿತು, ಅಲ್ಲಿ ನಿಂತಿತು. "ಇಲ್ಲಿ ಸೀಳು. ಬಾಯಿಂದ ತಳದ್ಗಂಟ. ನನ್ ಬೆರಳು ಹೋಗ್ತದೆ."

ತೋಳು ಹೊರತೆಗೆದಾಗ ಮೊಣಕೈವರೆಗೆ ಬಿಳಿ ಪುಡಿ ಮೆತ್ತಿತ್ತು. ಅವಳು ಅದನ್ನು ಕೊಡವಲಿಲ್ಲ. ಆದರೆ ಮುಖದಲ್ಲಿ ನಾನು ನಿರೀಕ್ಷಿಸಿದ ಸಮಾಧಾನವೂ ಬಂದಿರಲಿಲ್ಲ.

"ಲೇ, ಇದು ತಂಗೀದಿರ್ಬೋದಲ್ವಾ? ಅವಳ್ಗೆ ಅಂತ ಮೊದ್ಲು ಇದ್ನ ಮಾಡಿ, ಒಡ್ದೋಗಿ, ಆಮ್ಯಾಕೆ ಎರಡ್ನೇದು ಮಾಡಿ ಕೊಟ್ಟಿರ್ಬೋದು."

"ಒಬ್ಬಳಿಗೆ ಒಂದೇ ಕಲ್ಲಲ್ಲವಾ?"

"ಅವ್ಳು ಅಪ್ಪನ ಮುದ್ದಿನ ಮಗ್ಳು. ಅವಳ್ಗೋಸ್ಕರ ಶಾಸ್ತ್ರ ಬಿಟ್ರೂ ಬಿಟ್ಟ. ನೀನೇ ಅಲ್ವಾ ಎಲ್ಲಾದ್ಕೂ ಎರಡ್ ಸಾಕ್ಷಿ ಕೇಳದು? ನಾನೂ ಕೇಳ್ತೀನಿ, ತೋರ್ಸು."

ಪ್ರಶ್ನೆ ನ್ಯಾಯವಾಗಿತ್ತು. ಗುರುತು ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ. ಮದುವೆಯ ಮರುವರ್ಷ ಕ್ವಾರಿ ನಡೆಯುತ್ತಿತ್ತೆಂದು ನಾನೇ ಸಾಧಿಸಿದ್ದೆ. ಆಮೇಲೆ ಎಷ್ಟು ಕಾಲ ನಡೆಯಿತೆಂದು ಹೇಳಿರಲಿಲ್ಲ. ತಂಗಿಯ ಮದುವೆಯಾದದ್ದು ಜಿಲ್ಲಾ ಪರಿಷತ್ತಿಗೆ ಮೊದಲ ಚುನಾವಣೆ ನಡೆದ ೧೯೮೭ರಲ್ಲಿ. ಅಲ್ಲಿಯವರೆಗೂ ಕ್ವಾರಿ ನಡೆದಿದ್ದರೆ ಅಕ್ಕನ ಸಂದೇಹ ಉಳಿಯುತ್ತದೆ. ನಾನು ಗುಂಡಿಯ ಕಡೆ ತಿರುಗಿದೆ. ಮಧ್ಯಾಹ್ನ ಇಳಿದು, ಸೂರ್ಯ ನೈಋತ್ಯಕ್ಕೆ ವಾಲಿದ್ದ. ನೀರಿನಲ್ಲಿ ಅವನ ಬಿಂಬ ಕುಕ್ಕುತ್ತಿತ್ತು. ಆ ಬಿಂಬವನ್ನು ಅದೇ ಸ್ಥಳದಲ್ಲಿ ನಾನು ಹಿಂದೊಮ್ಮೆ ನೋಡಿದ್ದೆ.

"ಗ್ರಹಣದ ದಿನ ನೆನಪಿದೆಯಾ ಅಕ್ಕ? ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೆಳಕು ಕುಂದಿತ್ತಲ್ಲ, ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿತ್ತು?"

"ನೆನಪಿಲ್ದೆ? ನಾನ್ ಬಸ್ರಿ ಆವಾಗ. ನಮ್ಮತ್ತೆ ನನ್ನ ಕ್ವಾಣೇಲಿ ಹಾಕಿ ಕಿಟ್ಕೀಗೆ ಗೋಣಿ ಹೊಡ್ಸಿದ್ರು. ಕೆಮ್ಮಕ್ಕೂ ಬುಡ್ಲಿಲ್ಲ."

೧೯೮೦ರ ಫೆಬ್ರವರಿ ೧೬, ಶನಿವಾರ, ಮಾಘದ ಅಮಾವಾಸ್ಯೆ. ನಮ್ಮ ರಾಜ್ಯದ ಉತ್ತರ ಭಾಗದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ದಿನ. ನಮ್ಮ ಕಡೆ ಒಂದು ಸಣ್ಣ ಕುಡುಗೋಲಿನಷ್ಟು ಉಳಿದಿದ್ದ. ತುಮಕೂರಿನ ಕಾಲೇಜಿನಲ್ಲಿದ್ದ ನಾನು ಊರಿಗೆ ಬಂದಿದ್ದೆ. ಮನೆಯವರು ಸಗಣಿ ನೀರಿನ ತಪ್ಪಲೆಯಲ್ಲಿ ಗ್ರಹಣ ನೋಡಿದರು. ಅದಕ್ಕಿಂತ ದೊಡ್ಡ ನೀರು ಬೇಕೆಂದು ನಾನು ಕಣ್ತಪ್ಪಿಸಿ ಈ ಗುಂಡಿಗೆ ಓಡಿಬಂದು, ಈಶಾನ್ಯದ ಅಂಚಿನಲ್ಲಿ ನಿಂತು, ನೀರೊಳಗಿನ ಕುಡುಗೋಲನ್ನು ನೋಡಿದ್ದೆ. ಕಣ್ಣಿಗೆ ಅಪಾಯವಾಗದೆ ಉಳಿದದ್ದು ಅದೃಷ್ಟ.

"ಗುಂಡಿ ಆಗಲೇ ತುಂಬಿತ್ತು. ಕೆಲಸ ನಡೆಯುತ್ತಿದ್ದಾಗ ನೀರನ್ನು ದಿನಾ ಇಂಜಿನ್ ಇಟ್ಟು ಎತ್ತುತ್ತಿದ್ದರು. ನೀರು ಹೀಗೆ ನಿಲ್ಲಬೇಕಾದರೆ ಕ್ವಾರಿ ಅದಕ್ಕೂ ಮುಂಚೆ ನಿಂತಿರಬೇಕು. ಅಪ್ಪ ಆಮೇಲೆ ಸಿರಾ ಕಡೆ, ಕೊರಟಗೆರೆ ಕಡೆ ಕೆಲಸಕ್ಕೆ ಹೋದರು, ಇಲ್ಲಿಗೆ ಬರಲಿಲ್ಲ. ಗ್ರಹಣದ ದಿನ ತಂಗಿ ಇನ್ನೂ ಹೈಸ್ಕೂಲ್ ಹುಡುಗಿ. ಅವಳ ಮದುವೆ ಮಾತೇ ಹುಟ್ಟಿರಲಿಲ್ಲ."

"ನಿನ್ ನೆಪ್ಪು ಸರಿಯಾಗದೆ ಅಂತ ಏನ್ ಗ್ಯಾರಂಟಿ? ಬೇರೆ ಕೆರೆ ನೋಡಿರ್ಬೇಕು."

ಇದನ್ನೂ ಸ್ಥಳದಲ್ಲೇ ಪರೀಕ್ಷಿಸಬಹುದಾಗಿತ್ತು. ಫೆಬ್ರವರಿಯ ನಡುಭಾಗದಲ್ಲಿ ಸೂರ್ಯ ಸಾಗುವ ದಾರಿಯೂ ಅಕ್ಟೋಬರಿನ ಕೊನೆಯಲ್ಲಿ ಸಾಗುವ ದಾರಿಯೂ ಹೆಚ್ಚುಕಡಿಮೆ ಒಂದೇ. ದೀಪಾವಳಿಯ ಹಿಂದೆಯೇ ಬಂದದ್ದರಿಂದ, ಗ್ರಹಣದ ಮಧ್ಯಾಹ್ನದ ಸೂರ್ಯ ನಮಗೆ ತಾನಾಗಿ ಒದಗಿದ್ದ. ಅಕ್ಕನನ್ನು ಈಶಾನ್ಯದ ಅಂಚಿಗೆ ಕರೆದೊಯ್ದು ನಿಲ್ಲಿಸಿದೆ. "ಅಂದು ಬಿಂಬದ ಎಡಕ್ಕೆ ಬೆಣೆ ಸಾಲಿನ ಒಂದು ಗೋಡೆಯೂ ನೀರಲ್ಲಿ ಕಾಣುತ್ತಿತ್ತು. ಬಲಕ್ಕೆ ಬೆಂಕಿಯ ಕೆಂಪು ಹತ್ತಿದ ಬಂಡೆ. ನೋಡಿ ಹೇಳು."

ಅಕ್ಕ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೀರನ್ನು ನೋಡಿದಳು. ಎಡಕ್ಕೆ ಬೆಣೆಸಾಲು, ಬಲಕ್ಕೆ ಕೆಂಪು ಬಂಡೆ, ನಡುವೆ ಉರಿಯುವ ಸೂರ್ಯ. ತಾಲ್ಲೂಕಿನ ಯಾವ ಕೆರೆಗೂ ಅಂಥ ಗೋಡೆಯಿಲ್ಲ.

"ಆಯ್ತು ಬುಡು," ಎಂದಳು. "ಪಾಸು."

ಹಿಂದಿರುಗಿ ಬರುವಾಗ ಅವಳು ತನಗೆ ತಾನೇ ಹೇಳಿಕೊಳ್ಳುವಂತೆ ಮಾತಾಡುತ್ತಿದ್ದಳು. "ಮದ್ವೆ ಹತ್ರ ಬಂದಾಗ ಒಡ್ದಿರ್ಬೇಕು. ಇನ್ನೊಂದ್ ಮಾಡಂಗಿಲ್ಲ. ಹೇಳಂಗೂ ಇಲ್ಲ. ಮದ್ವಣಗಿತ್ತಿ ಕಿವಿಗೆ ಒಡ್ದ ಕಲ್ಲಿನ ಸುದ್ದಿ ಬಿದ್ರೆ ಸಂಸಾರ ಒಡೀತದೆ ಅಂತ ಅವ್ರ ಲೆಕ್ಕ. ಅದ್ಕೆ ಅವ್ವ ಕ್ವಾರೀನೇ ನಿಲ್ಸ್‌ಬುಟ್ಲು." ಇದ್ದಕ್ಕಿದ್ದಂತೆ ನಗತೊಡಗಿದಳು. "ಎಂಥಾ ಸುಳ್ಳು ಕಣ್ಲಾ ಅದು! ದಿನಾ ಬುತ್ತಿ ಕಟ್ಟಿ ನಿನ್ನ ಇಲ್ಲಿಗೇ ಕಳಿಸ್ತಾ, ಕ್ವಾರಿ ನಿಂತೋಯ್ತು ಅನ್ನದು. ಅವ್ವಂಗೆ ಸುಳ್ಳು ಹೇಳಕ್ಕೂ ಬರ್ತಿರ್ಲಿಲ್ಲ. ಅದ್ನ ನಂಬ್ಕಂಡು ನಾನು ಇಷ್ಟ್ ವರ್ಸ ರುಬ್ದೆ."

"ನಿನ್ನ ಸಂಸಾರ ಒಡೀಲಿಲ್ಲವಲ್ಲ."

"ನಿಮ್ ಭಾವನ್ನ ಒಡೆಯಕೆ ಬೆಣೆ ಸಾಲ್ದು, ಮದ್ದೇ ಇಡ್ಬೇಕು."

ಹೊಂಗೆಯ ಕೆಳಗೆ ಅವಳು ಕಲ್ಲಿನ ಮೇಲೆ ಕೂರಲಿಲ್ಲ. ಅದರ ಪಕ್ಕದಲ್ಲಿ ನೆಲದ ಮೇಲೆ, ರುಬ್ಬಲು ಕೂರುವ ಭಂಗಿಯಲ್ಲಿ ಒಂದು ಕಾಲು ಮಡಿಸಿ ಕುಳಿತಳು. ಕಲ್ಲು ಅವಳ ಮಂಡಿಗಿಂತ ಒಂದಿಷ್ಟು ಕೆಳಗಿತ್ತು. "ಹೂತೋಗದೆ. ಮೇಲೆದ್ರೆ ಸರಿಯಾಗಿ ಮಂಡಿಗೇ ಬರ್ತದೆ" ಎಂದಳು. ಹೂತ ಭಾಗ ಎಷ್ಟೆಂದು ಅಳೆಯದೆ ಇದನ್ನು ಸಾಕ್ಷ್ಯವೆಂದು ಸ್ವೀಕರಿಸಲಾಗದು. ನಾನು ಆಕ್ಷೇಪಿಸಲಿಲ್ಲ. ಆಗಲೇ ಇದ್ದ ಸಾಕ್ಷ್ಯಗಳು ಸಾಕಾಗಿದ್ದವು. ಇದು ಅವಳ ಕಲ್ಲು.

ಉಳಿದಿದ್ದ ರೊಟ್ಟಿಯನ್ನು ಬಿಚ್ಚಿ, ಮೊದಲು ಬಿಟ್ಟ ಊಟವನ್ನು ಮುಗಿಸಿದಳು. ಎರಡು ಬಾರಿ ಚಟ್ನಿ ಹಾಕಿಸಿಕೊಂಡಳು.

ನಾವು ಎದ್ದು ಹೊರಡುವ ಹೊತ್ತಿಗೆ ಮೇಕೆಯ ಹೆಂಗಸು ಮಂದೆಯನ್ನು ನೀರಿಗೆ ಇಳಿಸಿ ನೆರಳಿಗೆ ಬಂದಳು. ಕಲ್ಲು ಒದ್ದೆಯಾಗಿದ್ದುದನ್ನು ಕಂಡು ಟವೆಲ್ಲಿನಿಂದ ಒರೆಸಲು ಹೋದವಳು ಕೈ ತಡೆದಳು. "ಇದೇನಕ್ಕ, ಇದ್ರ ಮ್ಯಾಲೆ ಚಿತ್ರ ಅದೆ? ಇಷ್ಟ್ ದಿನ ಕೂತಿದೀನಿ, ಕಂಡೇ ಇಲ್ಲ."

"ರಾಗಿ ತೆನೆ ಕಣಮ್ಮ," ಎಂದಳು ಅಕ್ಕ. "ಇದು ನಮ್ಮಪ್ಪ ನಂಗೆ ಅಂತ ಮಾಡಿದ್ ಒಳ್ಕಲ್ಲು."

ಹೆಂಗಸು ತಪ್ಪು ಮಾಡಿದವಳಂತೆ ಎರಡು ಹೆಜ್ಜೆ ಹಿಂದೆ ಸರಿದಳು. ಅಕ್ಕ ಅವಳ ಕೈ ಹಿಡಿದು ಮುಂದಕ್ಕೆ ಎಳೆದಳು. ಕಲ್ಲುಪುಡಿ ಇನ್ನೂ ಅವಳ ತೋಳಿನಲ್ಲೇ ಇತ್ತು.

"ಕೂತ್ಕ. ಕೂರಕೇನ್ ತೊಂದ್ರೆ ಇಲ್ಲ. ತಿರುಗಿಸ್ಬ್ಯಾಡ, ಅಷ್ಟೇಯ."